ಗಟ್ಟಿಗಿತ್ತಿ ಪಾತ್ರ ಬರೆಯೋದು ಹೇಗೆ ಅಂತ ಆರು ವಾರದ ಆನ್‌ಲೈನ್ ಕೋರ್ಸ್ ಮಾಡ್ದೆ, ನನ್ನ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, 5ಕ್ಕೆ ಮೂರೂವರೆ ಸ್ಟಾರ್. ಅದರಲ್ಲಿ ಎರಡು ಕೊನೇಲಿ ಸಿಗೋ ಪರ್ಸನಲ್ ಫೀಡ್‌ಬ್ಯಾಕಿಗೆ, ಒಂದು ಮೂರನೇ ವಾರದ ಲೈವ್ ಕ್ಲಾಸಿಗೆ, ಉಳಿದ ಅರ್ಧ ಒಂದೇ ಒಂದು ವಿಡಿಯೋಗೆ. ಬೇರೆ ಯಾವ್ದಕ್ಕೂ ಕೊಡೋಕೆ ಮನಸ್ಸು ಬರ್ತಿಲ್ಲ, ಯಾಕೆ ಅಂತ ಕೆಳಗೆ ಉದ್ದಕ್ಕೆ ಬರ್ದಿದೀನಿ. ಕೋರ್ಸಿನ ಹೆಸರು ಹಾಕ್ತಿಲ್ಲ. ಈ ಥರದ ಕೋರ್ಸ್‌ಗಳು ಈಗ ಬೇಕಾದಷ್ಟಿವೆ, ನೀವು ಯಾವ್ದಕ್ಕೆ ಸೇರೋಕೆ ಹೊರಟಿದ್ರೂ ಏನು ನೋಡಿ ಸೇರ್ಬೇಕು ಅಂತ ಗೊತ್ತಾದ್ರೆ ಸಾಕು ನಂಗೆ.

ನಾನ್ಯಾಕೆ ಸೇರಿದೆ ಅಂದ್ರೆ, ಮೂರು ವರ್ಷದಿಂದ ಒಂದು ಥ್ರಿಲ್ಲರ್ ಕಾದಂಬರಿ ಬರೀತಿದೀನಿ. ನಾಯಕಿ ಸೇತುವೆಗಳನ್ನ ಪರೀಕ್ಷೆ ಮಾಡೋ ಇಂಜಿನಿಯರ್. ಒಂದು ದೊಡ್ಡ ಸೇತುವೆ, ಅದರ ಅಡಿಯಲ್ಲಿ ಒಂದು ಬಿರುಕು, ಅದನ್ನ ಮುಚ್ಚಿಡೋಕೆ ನೋಡೋ ಕಾಂಟ್ರ್ಯಾಕ್ಟರ್, ಸುಮ್ನಿರು ಅನ್ನೋ ಮೇಲಧಿಕಾರಿ, ಕಥೆ ಇಷ್ಟೇ. ಅವಳಿಗೆ ಕರಾಟೆ ಬರುತ್ತೆ, ದೊಡ್ಡ ಬೈಕ್ ಓಡಿಸ್ತಾಳೆ, ಯಾರಿಗೂ ಹೆದರಲ್ಲ, ಒಂದು ಮಾತು ಅಂದ್ರೆ ಎರಡು ವಾಪಸ್ ಕೊಡ್ತಾಳೆ. ಡ್ರಾಫ್ಟ್ ಓದಿದ ನನ್ನ ಗೆಳತಿ ಒಬ್ಳು ತುಂಬ ಹೊತ್ತು ಸುಮ್ನಿದ್ದು ಆಮೇಲೆ 'ಕಥೆ ಚೆನ್ನಾಗಿದೆ ಕಣೇ, ಆದ್ರೆ ಅವಳು ಇಲ್ದೇ ಇರೋ ಚಾಪ್ಟರ್‌ಗಳೇ ನಂಗೆ ಜಾಸ್ತಿ ಇಷ್ಟ ಆಯ್ತು' ಅಂದ್ಳು. ಮೂರು ವರ್ಷ ಒಬ್ಬಳ ಜೊತೆನೇ ಬದುಕಿ, ಅವಳು ಇಲ್ದಿದ್ರೇ ಚೆನ್ನ ಅಂತ ಕೇಳಿಸ್ಕೊಳ್ಳೋದು ಸುಲಭ ಇಲ್ಲ. ಎರಡು ವಾರ ಆ ಫೈಲ್ ತೆಗೀಲೇ ಇಲ್ಲ ನಾನು. ಆಮೇಲೆ ಈ ಕೋರ್ಸಿನ ಜಾಹೀರಾತು ಕಣ್ಣಿಗೆ ಬಿತ್ತು, ಸೇರ್ಕೊಂಡೆ.

ಏನೇನು ಸಿಗುತ್ತೆ ಅಂದ್ರೆ 18 ರೆಕಾರ್ಡೆಡ್ ವಿಡಿಯೋ, ವಾರಕ್ಕೊಂದು ಲೈವ್ ಕ್ಲಾಸ್, ಒಂದು ವರ್ಕ್‌ಬುಕ್ ಪಿಡಿಎಫ್, ಒಂದು ಗ್ರೂಪ್, ಕೊನೇಲಿ ನಮ್ಮ 20 ಪುಟ ಓದಿ ಒಬ್ರು ಬರೆದು ಕಳಿಸೋ ಅಭಿಪ್ರಾಯ.

ವರ್ಕ್‌ಬುಕ್‌ನಿಂದ ಶುರು ಮಾಡ್ತೀನಿ, ನಂಗೆ ಅತಿ ಹೆಚ್ಚು ಬೇಜಾರಾಗಿದ್ದು ಅದರಿಂದಾನೇ. ನಿಮ್ಮ ನಾಯಕಿ ಬಗ್ಗೆ ತುಂಬಿಸೋಕೆ ಖಾನೆಗಳು, ಪುಟಗಟ್ಟಲೆ. ಕಣ್ಣಿನ ಬಣ್ಣ, ಎತ್ತರ, ಅವಳ ಕೈಲಿರೋ ಆಯುಧ, ಯಾವ್ದರಲ್ಲಿ ಅವಳು ಎಲ್ರಿಗಿಂತ ಮುಂದೆ, ಅವಳ ಪಂಚ್ ಡೈಲಾಗ್ ಏನು. ನಾನೂ ಶಿಸ್ತಾಗಿ ಕೂತು ತುಂಬಿಸ್ದೆ, ಎರಡು ರಾತ್ರಿ ಹಿಡೀತು. ತುಂಬಿಸಿ ಮುಗಿದ ಮೇಲೆ ಅವಳ ಬಗ್ಗೆ ನಂಗೆ ಗೊತ್ತಿಲ್ಲದ್ದು ಒಂದೂ ಉಳಿದಿರ್ಲಿಲ್ಲ, ಆದ್ರೆ ಅವಳು ಮೊದಲ ಪುಟದಲ್ಲಿ ಎಲ್ಲಿ ನಿಂತಿದ್ಳೋ ಅಲ್ಲೇ ನಿಂತಿದ್ಳು. ಕಣ್ಣಿನ ಬಣ್ಣ ಗೊತ್ತಾದ್ರೆ ಅವಳು ಮುಂದೆ ಏನು ಮಾಡ್ತಾಳೆ ಅಂತ ಹೇಗೆ ಗೊತ್ತಾಗುತ್ತೆ.

ಅದರಲ್ಲಿ ಒಂದು ಖಾನೆ ಇದೆ, 'ಅವಳ ಹಳೇ ಗಾಯ' ಅಂತ. ಅಂದ್ರೆ ಹಿಂದೆ ಏನೋ ಭೀಕರವಾದದ್ದು ನಡೆದಿರ್ಬೇಕು, ಅದರಿಂದಾನೇ ಅವಳು ಗಟ್ಟಿ ಆಗಿದಾಳೆ. ನನ್ನ ನಾಯಕಿಗೆ ಅಂಥದ್ದೇನೂ ಇರ್ಲಿಲ್ಲ, ಅವಳಿಗೆ ಗಣಿತ ಇಷ್ಟ ಅಂತ ಇಂಜಿನಿಯರಿಂಗ್ ಓದಿದ್ಳು ಅಷ್ಟೇ. ಆದ್ರೆ ಖಾನೆ ಖಾಲಿ ಬಿಡೋಕೆ ಮನಸ್ಸಾಗ್ದೆ ಅವಳ ಅಪ್ಪನ್ನ ಒಂದು ಸೇತುವೆ ಕುಸಿತದಲ್ಲಿ ಸಾಯಿಸ್ದೆ. ಒಂದು ಖಾನೆ ತುಂಬಿಸೋಕೆ ಒಬ್ಬ ಮನುಷ್ಯನ ಪ್ರಾಣ ತೆಗೆದೆ ನಾನು. ಕೋರ್ಸ್ ಮುಗಿಯೋ ಹೊತ್ತಿಗೆ ಆ ಅಪ್ಪನ್ನ ವಾಪಸ್ ಬದುಕಿಸಿದೀನಿ, ಈಗ ಅವರು ಕಥೆಯಲ್ಲಿ ಆರಾಮಾಗಿ ಟಿವಿ ನೋಡ್ತಾ ಇದಾರೆ.

ಇದು ಯಾಕೆ ನಂಗೆ ಇಷ್ಟು ಚುಚ್ಚಿತು ಅಂದ್ರೆ, ಅದೇ ವಾರದ ವಿಡಿಯೋದಲ್ಲಿ ಅವರೇ ಒಂದು ಒಳ್ಳೇ ವಿಷಯ ಹೇಳಿದ್ರು. ಗೇಲ್ ಸಿಮೋನ್ ಅಂತ ಒಬ್ರು 1999ರಲ್ಲಿ ಸೂಪರ್‌ಹೀರೋ ಕಾಮಿಕ್ಸ್‌ನ ಹೆಣ್ಣು ಪಾತ್ರಗಳ ಒಂದು ಪಟ್ಟಿ ಮಾಡಿ ಇಂಟರ್‌ನೆಟ್ಟಲ್ಲಿ ಹಾಕಿದ್ರು, ಸತ್ತವರು, ಹಿಂಸೆಗೆ ಸಿಕ್ಕವರು, ಶಕ್ತಿ ಕಳ್ಕೊಂಡವರು, ಎಲ್ಲ ಸೇರಿಸಿ. ಅದಕ್ಕೆ 'ಫ್ರಿಜ್ಜಿನಲ್ಲಿರೋ ಹೆಂಗಸರು' ಅನ್ನೋ ಅರ್ಥದ ಹೆಸರು, ಯಾಕಂದ್ರೆ 1994ರ ಗ್ರೀನ್ ಲ್ಯಾಂಟರ್ನ್ ಕಾಮಿಕ್ಸ್‌ನಲ್ಲಿ ಹೀರೋ ಮನೆಗೆ ಬಂದ್ರೆ ಅವನ ಗರ್ಲ್‌ಫ್ರೆಂಡ್ ಹೆಣ ಫ್ರಿಜ್ಜಲ್ಲಿ ಇರುತ್ತೆ. ಅವಳ ಸಾವು ಅವಳಿಗೆ ಸಂಬಂಧಪಟ್ಟಿದ್ದೇ ಅಲ್ಲ, ಹೀರೋಗೆ ಸಿಟ್ಟು ಬರ್ಸೋಕೆ ಅಷ್ಟೇ. ಸರಿ, ಇದನ್ನ ಇಷ್ಟು ಚೆನ್ನಾಗಿ ವಿವರಿಸಿ ಮರುದಿನ ವರ್ಕ್‌ಬುಕ್‌ನಲ್ಲಿ 'ಹಳೇ ಗಾಯ' ಖಾನೆ ತುಂಬಿಸಿ ಅಂದ್ರೆ ಹೇಗೆ? ಅಲ್ಲಿ ಅವನಿಗೆ ಸಿಟ್ಟು ಬರ್ಲಿ ಅಂತ ಅವಳಿಗೆ ಏಟು, ಇಲ್ಲಿ ಅವಳಿಗೇ ಧೈರ್ಯ ಬರ್ಲಿ ಅಂತ ಅವಳಿಗೆ ಏಟು. ಗಂಡು ಪಾತ್ರ ಧೈರ್ಯವಾಗಿದ್ರೆ ಇವನಿಗೆ ಧೈರ್ಯ ಎಲ್ಲಿಂದ ಬಂತಪ್ಪಾ ಅಂತ ನಾವ್ಯಾರೂ ಕೇಳಲ್ಲ, ಹೆಣ್ಣು ಧೈರ್ಯವಾಗಿದ್ರೆ ಮಾತ್ರ ಅದಕ್ಕೊಂದು ಕಾರಣಪತ್ರ ಬೇಕು ನಮಗೆ. ನಿಜವಾದ ನೋವು ಕಥೆಗೆ ಬೇಕಿದ್ರೆ ಖಂಡಿತ ಇರ್ಲಿ, ನೋವುಂಡ ಹೆಣ್ಣಿನ ಕಥೆ ಹೇಳ್ಬಾರ್ದು ಅಂತ ನಾನು ಹೇಳ್ತಿಲ್ಲ. ಆದ್ರೆ ಅದು ಖಾನೆ ಆಗ್ಬಾರ್ದು.

ಎರಡನೇ ವಾರ 'ಮೇರಿ ಸ್ಯೂ' ಬಗ್ಗೆ, ಅಂದ್ರೆ ಎಲ್ಲದರಲ್ಲೂ ಪರ್ಫೆಕ್ಟ್ ಆಗಿರೋ ನಾಯಕಿಗೆ ಜನ ಇಟ್ಟಿರೋ ಅಣಕದ ಹೆಸರು. ಇದನ್ನ ಅವರು ಪೂರ್ತಿ ತಲೆಕೆಳಗಾಗಿ ಹೇಳಿಕೊಟ್ರು ಅನ್ಸುತ್ತೆ ನಂಗೆ. ನಾಯಕಿಗೆ ಜಾಸ್ತಿ ವಿದ್ಯೆ ಬಂದ್ರೆ ಅವಳು ಮೇರಿ ಸ್ಯೂ, ಹಾಗಾಗಿ ಎರಡು ಕಮ್ಮಿ ಮಾಡಿ ಅಂತ. ನಾನು ಆ ಹೆಸರು ಹುಟ್ಟಿದ ಮೂಲ ಕಥೆ ಹುಡುಕಿ ಓದಿದೀನಿ, ತುಂಬ ಚಿಕ್ಕದು, ಪೌಲಾ ಸ್ಮಿತ್ ಅನ್ನೋರು 1973ರಲ್ಲಿ ಸ್ಟಾರ್ ಟ್ರೆಕ್ ಅನ್ನೋ ಅಂತರಿಕ್ಷ ಹಡಗಿನ ಟಿವಿ ಸೀರಿಯಲ್ ಅಭಿಮಾನಿಗಳ ಪತ್ರಿಕೆಗೆ ಬರೆದ ತಮಾಷೆ ಕಥೆ. ಹದಿನೈದೂವರೆ ವರ್ಷದ ಹುಡುಗಿ, ಇಡೀ ಪಡೆಯಲ್ಲೇ ಅತಿ ಚಿಕ್ಕ ವಯಸ್ಸಿನ ಲೆಫ್ಟಿನೆಂಟ್, ಬಂದ ಕೂಡ್ಲೇ ಕ್ಯಾಪ್ಟನ್‌ಗೆ ಅವಳ ಮೇಲೆ ಪ್ರೀತಿ, ಅವಳು ಸತ್ರೆ ಎಲ್ರೂ ಗೋಳೋ ಅಂತ ಅಳ್ತಾರೆ. ಇದನ್ನ ಓದಿದ್ರೆ ಗೊತ್ತಾಗೋದೇನಂದ್ರೆ ಅಲ್ಲಿ ಕೊರತೆ ಇರೋದು ಸುತ್ತಲಿನವರಲ್ಲಿ. ಕ್ಯಾಪ್ಟನ್‌ಗೆ ಅವಳು ಬಂದ ಕೂಡ್ಲೇ ಸ್ವಂತ ಬುದ್ಧಿ ಹೋಯ್ತು, ಉಳಿದವರಿಗೆ ಸ್ವಂತ ಕೆಲಸ ಹೋಯ್ತು, ಯಾರೂ ಅವಳಿಗೆ ಅಡ್ಡ ಬರಲ್ಲ, ಯಾವ ತೀರ್ಮಾನಕ್ಕೂ ಅವಳು ಬೆಲೆ ತೆರಬೇಕಿಲ್ಲ. ಹತ್ತು ವಿದ್ಯೆ ಗೊತ್ತಿರೋ ನಾಯಕಿ ಬರೀರಿ, ಹನ್ನೊಂದು ಬರ್ಲಿ, ಎದುರಿಗೆ ನಿಂತವರಿಗೂ ತಲೆ ಇದ್ರೆ ಅವಳು ನಿಲ್ತಾಳೆ. ನನ್ನ ಡ್ರಾಫ್ಟ್ ತೆಗೆದು ನೋಡಿದೆ, ನನ್ನ ಕಾಂಟ್ರ್ಯಾಕ್ಟರ್ ಬರೀ ಪೆದ್ದ. ಪೆದ್ದನ್ನ ಸೋಲಿಸೋಕೆ ಕರಾಟೆ ಯಾಕೆ ಬೇಕಿತ್ತು ಅವಳಿಗೆ.

ಈಗ ಮೂರನೇ ವಾರ. ಈ ಒಂದು ಲೈವ್ ಕ್ಲಾಸಿಗೋಸ್ಕರ ನಾನು ಈ ಕೋರ್ಸನ್ನ ಬೈಯೋಕೆ ಹೋದಾಗೆಲ್ಲ ನಾಲಿಗೆ ತಡೀತೀನಿ.

ಕ್ಲಾಸ್ ತಗೊಳ್ಳೋ ಮೇಡಂ ಆವತ್ತು ಸ್ಲೈಡ್ ಗೀಡ್ ಏನೂ ಹಾಕಲಿಲ್ಲ. 1979ರ ಏಲಿಯನ್ ಸಿನಿಮಾದ ಒಂದೇ ಒಂದು ಸನ್ನಿವೇಶ ಬಾಯಲ್ಲೇ ಹೇಳಿದ್ರು, ನೋಡದವರಿಗೂ ಅರ್ಥ ಆಗೋ ಹಾಗೆ. ಅಂತರಿಕ್ಷ ಹಡಗಿಂದ ಮೂರು ಜನ ಹೊರಗೆ ಹೋಗಿರ್ತಾರೆ, ಅದರಲ್ಲಿ ಕ್ಯಾಪ್ಟನ್ನೂ ಒಬ್ಬ. ವಾಪಸ್ ಬರುವಾಗ ಒಬ್ಬನ ಮುಖಕ್ಕೆ ಏನೋ ಒಂದು ಜೀವಿ ಅಂಟ್ಕೊಂಡಿದೆ, ಅವನನ್ನ ಹೊತ್ಕೊಂಡು ಬಂದಿದಾರೆ, ಬಾಗಿಲು ತೆಗಿ ಅಂತ ಕ್ಯಾಪ್ಟನ್ ಹೊರಗಿಂದ ಆರ್ಡರ್ ಮಾಡ್ತಿದಾನೆ. ಒಳಗಿರೋದು ನಾಯಕಿ ರಿಪ್ಲೀ. ಕ್ಯಾಪ್ಟನ್ ಹಡಗಲ್ಲಿ ಇಲ್ಲ ಅಂದ್ಮೇಲೆ ಆ ಹೊತ್ತಿಗೆ ತೀರ್ಮಾನ ಅವಳದ್ದು. ಕ್ವಾರಂಟೈನ್ ನಿಯಮ ಇದೆ, 24 ಗಂಟೆ, ನಾನು ತೆಗೆಯಲ್ಲ ಅಂತಾಳೆ. ಅವನು ಸಾಯ್ತಾನೆ ಅಂದ್ರೂ ತೆಗೆಯಲ್ಲ ಅಂತಾಳೆ. ಕೊನೆಗೆ ಬಾಗಿಲು ತೆಗೆಯೋದು ಇನ್ನೊಬ್ಬ, ಸೈನ್ಸ್ ಆಫೀಸರ್, ಅವಳ ಮಾತು ಮೀರಿ. ಅಲ್ಲಿಂದ ಮುಂದಿನದೆಲ್ಲ ಆ ಬಾಗಿಲು ತೆಗೆದಿದ್ದರ ಫಲ.

ಮೇಡಂ ಮೊದಲು ಕೇಳಿದ್ದು, 'ಈ ಸನ್ನಿವೇಶದಲ್ಲಿ ಅವಳ ಕೈಲಿ ಆಯುಧ ಇದ್ಯಾ?' ಇಲ್ಲ. ಜೋರು ಡೈಲಾಗ್ ಇದ್ಯಾ? ಇಲ್ಲ, ನಿಯಮ ಓದಿ ಹೇಳ್ತಿದಾಳೆ ಅಷ್ಟೇ. ಅವಳು ಪ್ರೇಕ್ಷಕರಿಗೆ ಇಷ್ಟ ಆಗ್ತಾಳಾ? ಆ ಕ್ಷಣಕ್ಕೆ ಆಗಲ್ಲ, ನಮಗೂ ಒಳಗೊಳಗೆ 'ತೆಗಿಯಮ್ಮಾ ತಾಯಿ' ಅನ್ಸುತ್ತೆ. ಗ್ರೂಪಲ್ಲಿ ಒಬ್ರು ಅವಳು ಕಲ್ಲು ಮನಸ್ಸಿನವಳು ಅಂದ್ರು, ಇನ್ನೊಬ್ರು ಇಲ್ಲ ಒಳಗಿರೋ ಉಳಿದವರ ಪ್ರಾಣ ಅವಳ ಕೈಲಿದೆ ಅಂದ್ರು, ಅರ್ಧ ಗಂಟೆ ಜಗಳ. ಆ ಅರ್ಧ ಗಂಟೆ ಜಗಳ ಕೇಳ್ತಾ ಕೇಳ್ತಾ ನಂಗೆ ಹೊಳೀತು, ನಲವತ್ತಕ್ಕೂ ಹೆಚ್ಚು ವರ್ಷದ ಹಿಂದಿನ ಒಂದು ಪಾತ್ರ ಮಾಡಿದ್ದು ಸರಿನಾ ತಪ್ಪಾ ಅಂತ ಜನ ಈಗಲೂ ಕಿತ್ತಾಡ್ತಿದಾರಲ್ಲ, ನನ್ನ ನಾಯಕಿ ಬಗ್ಗೆ ಯಾರಾದ್ರೂ ಹೀಗೆ ಕಿತ್ತಾಡೋಕೆ ಆಗುತ್ತಾ? ಆಗಲ್ಲ. ಅವಳು ಮಾಡೋದೆಲ್ಲ ಸರಿನೇ. ಸರಿ ಅಂತ ಮೊದಲೇ ಗೊತ್ತಿರೋದನ್ನ ಮಾಡೋಕೆ ಎದೆಗಾರಿಕೆ ಬೇಕಿಲ್ಲ. ಎರಡೂ ಕಡೆ ನಷ್ಟ ಇರುವಾಗ ಒಂದನ್ನ ಆರಿಸ್ಕೊಂಡು, ಆ ನಷ್ಟನ ತಲೆ ಮೇಲೆ ಹಾಕ್ಕೊಂಡು ನಿಲ್ಲೋದಿದ್ಯಲ್ಲ, ನಂಗೆ ಈಗ ಗಟ್ಟಿಗಿತ್ತಿ ಅಂದ್ರೆ ಅದು.

ಅದೇ ಕ್ಲಾಸಲ್ಲಿ ಇನ್ನೊಂದು ಮಾತು ಬಂತು. ಏಲಿಯನ್ ಚಿತ್ರಕಥೆಯಲ್ಲಿ ಪಾತ್ರಗಳು ಗಂಡೂ ಆಗಬಹುದು ಹೆಣ್ಣೂ ಆಗಬಹುದು, ಅದಲುಬದಲು ಮಾಡ್ಬಹುದು ಅಂತಾನೇ ಬರೆದಿತ್ತು, ಆಮೇಲೆ ರಿಪ್ಲೀ ಪಾತ್ರಕ್ಕೆ ನಟಿ ಸಿಗೋರ್ನಿ ವೀವರ್ ಬಂದ್ರು. ಇದರಿಂದ ಮೇಡಂ ತೆಗೆದ ಪಾಠ, ಮೊದಲು ಗಂಡಸು ಅಂತ ಬರೀರಿ, ಆಮೇಲೆ ಹೆಸರು ಬದಲಾಯಿಸಿ. ಇದಕ್ಕೆ ನನ್ನ ಅರ್ಧ ಒಪ್ಪಿಗೆ. ಅಭ್ಯಾಸಬಲದಿಂದ ನಾವು ಹೆಣ್ಣು ಪಾತ್ರಕ್ಕೆ ಏನೇನೋ ಅಂಟಿಸ್ತೀವಲ್ಲ, ಪ್ರತಿ ಸಲ ಒಳಗೆ ಬಂದಾಗ ಅವಳ ಬಟ್ಟೆ ವರ್ಣನೆ, ಪ್ರತಿ ತೀರ್ಮಾನಕ್ಕೂ ಒಂದು ಕಣ್ಣೀರು, ಅದನ್ನ ಕಿತ್ತು ಹಾಕೋಕೆ ಈ ಉಪಾಯ ಬಹಳ ಒಳ್ಳೇದು. ಆದ್ರೆ ಅಲ್ಲಿಗೇ ನಿಲ್ಸಿದ್ರೆ ಸುಳ್ಳಾಗುತ್ತೆ. ನನ್ನ ಇಂಜಿನಿಯರ್ ಸೇತುವೆ ಕೆಳಗೆ ಇಳಿದಾಗ ಅವಳ ಕೆಲಸ ಯಾರು ಮಾಡಿದ್ರೂ ಒಂದೇ, ಕಾಂಕ್ರೀಟ್ ಅವಳು ಹೆಣ್ಣೋ ಗಂಡೋ ಕೇಳಲ್ಲ. ಆದ್ರೆ ಅವಳು ಮೇಲೆ ಬಂದು 'ಈ ಸೇತುವೆ ಬಂದ್ ಮಾಡ್ಬೇಕು' ಅಂದಾಗ ಮೀಟಿಂಗಲ್ಲಿ ಕೂತವರು ಅವಳನ್ನ ಬಿಟ್ಟು ಪಕ್ಕದಲ್ಲಿರೋ ಜೂನಿಯರ್ ಹುಡುಗನ ಮುಖ ನೋಡ್ತಾರೆ, ಅದು ಹೆಸರು ಬದಲಾಯಿಸಿದ್ರೆ ಬರಲ್ಲ, ಅದನ್ನ ಎರಡನೇ ಡ್ರಾಫ್ಟಲ್ಲಿ ಕೂತು ಬರೀಬೇಕು. ಮೇಡಂಗೆ ಇದನ್ನ ಚಾಟಲ್ಲಿ ಕೇಳಿದೆ, ಸಮಯ ಆಗಿಹೋಗಿತ್ತು, ಉತ್ತರ ಬರ್ಲಿಲ್ಲ.

ಬೆಕ್‌ಡೆಲ್ ಟೆಸ್ಟ್ ಬಗ್ಗೆ ಒಂದಿಡೀ ವಿಡಿಯೋ ಇದೆ, ಅದು ಬೇಡ, ಬಿಟ್ಟು ಮುಂದೆ ಹೋಗಿ. ಆ ಟೆಸ್ಟ್ ನಿಮಗೆ ಗೊತ್ತಿರುತ್ತೆ, ಸಿನಿಮಾದಲ್ಲಿ ಕನಿಷ್ಠ ಇಬ್ಬರು ಹೆಂಗಸರಿರಬೇಕು, ಅವರು ಒಬ್ಬರಿಗೊಬ್ಬರು ಮಾತಾಡ್ಬೇಕು, ಗಂಡಸಿನ ವಿಷಯ ಬಿಟ್ಟು ಬೇರೆ ಏನಾದ್ರೂ ಮಾತಾಡ್ಬೇಕು. ಆಲಿಸನ್ ಬೆಕ್‌ಡೆಲ್ 1985ರಲ್ಲಿ ಬರೆದ ಕಾಮಿಕ್ ಸ್ಟ್ರಿಪ್‌ನಿಂದ ಬಂದಿದ್ದು, ಐಡಿಯಾ ತನ್ನ ಗೆಳತಿ ಲಿಜ್ ವಾಲೇಸ್‌ದು ಅಂತ ಅವರೇ ಹೇಳಿದಾರೆ. ಆ ಸ್ಟ್ರಿಪ್‌ನಲ್ಲಿ ಈ ನಿಯಮ ಇಟ್ಕೊಂಡಿರೋ ಹೆಂಗಸು ತಾನು ಕೊನೇದಾಗಿ ನೋಡೋಕೆ ಆಗಿದ್ದು ಏಲಿಯನ್ ಅಂತಾಳೆ, ಅದರಲ್ಲಿ ಇಬ್ಬರು ಹೆಂಗಸರು ರಾಕ್ಷಸ ಜೀವಿ ಬಗ್ಗೆ ಮಾತಾಡ್ತಾರಲ್ಲ ಅದಕ್ಕೆ. ಇದು ಒಂದು ಸಿನಿಮಾದೊಳಗೆ ಹೆಂಗಸರು ಬದುಕಿದಾರಾ ಇಲ್ವಾ ಅಂತ ನೋಡೋ ನಾಡಿ ಪರೀಕ್ಷೆ. ಪಾತ್ರ ಗಟ್ಟಿ ಇದ್ಯಾ ಅಂತ ಅಳೆಯೋ ತಕ್ಕಡಿ ಮಾಡ್ಕೊಂಡ್ರೆ ಕೆಲಸ ಕೆಡುತ್ತೆ. ಇವರು ಅದನ್ನೇ ಮಾಡಿದ್ರು, ಟೆಸ್ಟ್ ಪಾಸ್ ಆದ್ರೆ 10 ಅಂಕ. ನನ್ನ ಹಳೇ ಡ್ರಾಫ್ಟ್ ಎರಡನೇ ಚಾಪ್ಟರಲ್ಲೇ ಪಾಸ್, ಇಬ್ಬರು ಹೆಂಗಸರು ಸಿಮೆಂಟ್ ಗುಣಮಟ್ಟದ ಬಗ್ಗೆ ಮಾತಾಡ್ತಾರೆ. ಆದ್ರೂ ಅವಳು ಗೊಂಬೆನೇ ಆಗಿದ್ಳು.

14ನೇ ವಿಡಿಯೋ ಮಾತ್ರ ಎರಡು ಸಲ ನೋಡಿದೀನಿ. ಜೇನ್ ಆಸ್ಟಿನ್‌ರ 1813ರ ಕಾದಂಬರಿ ಪ್ರೈಡ್ ಅಂಡ್ ಪ್ರೆಜುಡಿಸ್ ಬಗ್ಗೆ. ಅದರ ನಾಯಕಿ ಎಲಿಜಬೆತ್ ಗಟ್ಟಿ ಪಾತ್ರ ಅಂತ ಹೇಳೋರೆಲ್ಲ ಕೊಡೋ ಉದಾಹರಣೆ, ಮದುವೆ ಆಗು ಅಂತ ಕೇಳಿದ ಅಷ್ಟು ಶ್ರೀಮಂತ ಡಾರ್ಸಿಯನ್ನ ಅವಳು ಮುಖಕ್ಕೆ ಹೊಡೆದ ಹಾಗೆ ಬೇಡ ಅಂದಿದ್ದು. ವಿಡಿಯೋ ಅದನ್ನ ಒಂದೇ ಮಾತಲ್ಲಿ ಮುಗಿಸಿ ಮುಂದಿನ ಭಾಗಕ್ಕೆ ಹೋಯ್ತು, ಅವನು ಕೊಟ್ಟ ಕಾಗದ ಅವಳು ಓದೋ ಭಾಗ. ಒಂದು ಸಲ ಓದ್ತಾಳೆ, ನಂಬಲ್ಲ, ಮಡಚಿಡ್ತಾಳೆ, ಅರ್ಧ ನಿಮಿಷಕ್ಕೆ ಮತ್ತೆ ಬಿಚ್ಚಿ ಓದ್ತಾಳೆ, ಒಂದೊಂದೇ ವಾಕ್ಯ ತೂಗಿ ನೋಡ್ತಾಳೆ, ತಾನು ಒಳ್ಳೆಯವನು ಅಂದ್ಕೊಂಡಿದ್ದ ವಿಕಮ್ ಬಗ್ಗೆ ನಂಬಿದ್ದೆಲ್ಲ ತಪ್ಪು ಅಂತ ಗೊತ್ತಾಗುತ್ತೆ, ಈ ಕ್ಷಣದವರೆಗೆ ನನ್ನನ್ನ ನಾನೇ ತಿಳ್ಕೊಂಡಿರ್ಲಿಲ್ಲ ಅನ್ನೋ ಮಾತು ಅವಳ ಬಾಯಲ್ಲೇ ಬರುತ್ತೆ. ಅವಳಿಗೆ ಹೆಮ್ಮೆ ಇದ್ದಿದ್ದು ಯಾವ್ದರ ಮೇಲೆ? ಜನರನ್ನ ಒಂದು ನೋಟಕ್ಕೆ ಅಳೀತೀನಿ ಅನ್ನೋದ್ರ ಮೇಲೆ. ಅವಳು ಸೋತಿದ್ದೂ ಅದರಲ್ಲೇ. ವರ್ಕ್‌ಬುಕ್‌ನಲ್ಲೂ 'ದೌರ್ಬಲ್ಯ' ಅಂತ ಖಾನೆ ಇದೆ, ಅದರ ಮಾದರಿ ಉತ್ತರಗಳು ನೋಡಿ, ಎಡವಿ ಬೀಳ್ತಾಳೆ, ತಡವಾಗಿ ಬರ್ತಾಳೆ, ಅತಿಯಾಗಿ ಕೆಲಸ ಮಾಡ್ತಾಳೆ. ಇವ್ಯಾವೂ ಕಥೆಗೆ ಒಂದು ಗೀರೂ ಮಾಡಲ್ಲ. ಎಲಿಜಬೆತ್ ತಪ್ಪು ಹಾಗಲ್ಲ, ಇಡೀ ಕಾದಂಬರಿ ಆ ತಪ್ಪಿನ ಮೇಲೇ ನಿಂತಿದೆ.

ಇದರಲ್ಲಿ ನಂಗೆ ಒಂದು ಕೊರತೆ ಕಂಡಿದ್ದು ಶಾರ್ಲಟ್ ಬಗ್ಗೆ ಒಂದು ಮಾತೂ ಇಲ್ಲದ್ದು. ಮದುವೆಗೆ ಎಲಿಜಬೆತ್ ಬೇಡ ಅಂದ ಪೆದ್ದ ಪಾದ್ರಿ ಕಾಲಿನ್ಸ್‌ನ ಅವಳ ಗೆಳತಿ ಶಾರ್ಲಟ್ ಮದುವೆ ಆಗ್ತಾಳೆ, 27 ವರ್ಷ, ಆಸ್ತಿ ಇಲ್ಲ, ಅವನು ಎಂಥವನು ಅಂತ ಚೆನ್ನಾಗಿ ಗೊತ್ತು, ಗೊತ್ತಿದ್ದೇ ಒಪ್ಕೋತಾಳೆ. ಎಲಿಜಬೆತ್‌ಗೆ ಆಘಾತ ಆಗುತ್ತೆ. ನಂಗೆ ಮಾತ್ರ ಶಾರ್ಲಟ್ ಅಂದ್ರೆ ತುಂಬ ಗೌರವ, ಕಣ್ಣು ಬಿಟ್ಕೊಂಡು ತನ್ನ ಲೆಕ್ಕ ತಾನು ಹಾಕಿದವಳು. ಬಂಡಾಯ ಮಾಡಿದವಳು ಮಾತ್ರ ಗಟ್ಟಿ ಅಂತ ಹೇಳಿಕೊಟ್ರೆ ಶಾರ್ಲಟ್‌ನಂಥವರನ್ನ ಬರೆಯೋದು ಹೇಗೆ ಅಂತ ಯಾರು ಕಲಿಸ್ತಾರೆ.

ವಯಸ್ಸಿನ ವಿಷಯಾನೂ ಹಾಗೇ. 18 ವಿಡಿಯೋದಲ್ಲಿ ಬಂದ ನಾಯಕಿಯರಲ್ಲಿ ಮುದುಕಿ ಒಬ್ಳೂ ಇಲ್ಲ. ಅಗಾಥಾ ಕ್ರಿಸ್ಟಿ ಮಿಸ್ ಮಾರ್ಪಲ್ ಅನ್ನೋ ಪತ್ತೇದಾರಿ ಅಜ್ಜಿಯನ್ನ ಇಟ್ಕೊಂಡು ಮೊದಲ ಕಾದಂಬರಿ ತಂದಿದ್ದು 1930ರಲ್ಲಿ. ಆ ಅಜ್ಜಿ ಉಲ್ಲನ್ ಹೆಣೀತಾ ಕೂತಿರ್ತಾರೆ, ಇವರೇನು ಕೇಳಿಸ್ಕೋತಾರೆ ಬಿಡು ಅಂತ ಎಲ್ರೂ ಅವರೆದುರಿಗೇ ಬಾಯಿ ಬಿಡ್ತಾರೆ. ಜನ ಅವರನ್ನ ಕಡೆಗಣಿಸೋದೇ ಅವರ ಕೈಲಿರೋ ಆಯುಧ. ಇಂಥದ್ದೊಂದು ಕ್ಲಾಸ್ ಇದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು. ಕೆಟ್ಟವಳ ಪಾತ್ರ, ಅಮ್ಮನ ಪಾತ್ರ, ಎರಡು ಸೀನ್ ಬಂದು ಹೋಗೋ ಹೆಂಗಸು, ಇವ್ಯಾವುದೂ ಸಿಲೆಬಸ್‌ನಲ್ಲಿ ಇಲ್ಲ. ನಾಯಕಿ ಒಬ್ಬಳನ್ನ ಬಿಟ್ಟು ಉಳಿದ ಹೆಂಗಸರೆಲ್ಲ ಪೇಪರ್ ಗೊಂಬೆ ಆಗಿರೋ ಪುಸ್ತಕಗಳು ಎಷ್ಟು ಬರ್ತಿವೆ, ಅಲ್ಲಿ ಆ ಒಬ್ಬಳೂ ಗಟ್ಟಿ ಅನ್ಸಲ್ಲ, ಒಂಟಿ ಅನ್ಸುತ್ತೆ.

ಇನ್ನು ಫೀಡ್‌ಬ್ಯಾಕ್. ಹೇಳಿದ ದಿನಕ್ಕಿಂತ 9 ದಿನ ಲೇಟಾಗಿ ಬಂತು, ಅದಕ್ಕೆ ಒಂದು ಕ್ಷಮೆ ಕೂಡ ಕೇಳಲಿಲ್ಲ, ಅದು ತಪ್ಪು. ಆದ್ರೆ ಬಂದಿದ್ದು ಏನು ಅಂದ್ರೆ ನನ್ನ 20 ಪುಟದ ಪಕ್ಕಪಕ್ಕದಲ್ಲಿ ಟಿಪ್ಪಣಿ, ಮೇಲೊಂದು ಎರಡು ಪುಟದ ಕಾಗದ. ಓದಿದವರು ಯಾರೋ ನಂಗೆ ಗೊತ್ತಿಲ್ಲ, ಅವರಿಗೆ ನನ್ನ ನಮಸ್ಕಾರ. ಅಷ್ಟು ಗಮನ ಕೊಟ್ಟು ನನ್ನ ಬರವಣಿಗೆನ ಯಾರೂ ಓದಿರ್ಲಿಲ್ಲ. 11ನೇ ಪುಟದ ಪಕ್ಕ ಅವರು ಬರ್ದಿದ್ದು, 'ಇಲ್ಲಿಂದ ಇವಳನ್ನ ತೆಗೆದು ಆ ಜಾಗಕ್ಕೆ ಅನಾಮಧೇಯ ಇಮೇಲ್ ಒಂದು ಹಾಕಿ ನೋಡಿ, ಕಥೆ ನಿಲ್ಲುತ್ತಾ?'

ಹಾಕಿ ನೋಡಿದೆ. ನಿಜವಾಗ್ಲೂ ಹೊಸ ಫೈಲ್ ಮಾಡಿ ಅವಳನ್ನ ಪೂರ್ತಿ ಅಳಿಸಿ ನೋಡಿದೆ. ಬಿರುಕಿನ ಫೋಟೋ ಇಮೇಲಲ್ಲಿ ಮೇಲಧಿಕಾರಿಗೆ ಹೋಯ್ತು, ಅವನು ಹೆದರಿದ, ಕಾಂಟ್ರ್ಯಾಕ್ಟರ್ ಓಡಿದ, ಸೇತುವೆ ಬಂದ್ ಆಯ್ತು. ಕಥೆ ಎಲ್ಲೂ ನಿಲ್ಲಲಿಲ್ಲ. ಮೂರು ವರ್ಷ ನಾನು ಸಾಕಿದ ಹುಡುಗಿ ಮಾಡ್ತಿದ್ದ ಕೆಲಸ ಒಂದು ಇಮೇಲ್ ಮಾಡೋ ಅಷ್ಟೇ, ಉಳಿದಿದ್ದೆಲ್ಲ ಬೈಕು, ಕರಾಟೆ, ಬಾಯಿ ಜೋರು. ಗೆಳತಿ ಹೇಳಿದ್ದು ಇದನ್ನೇ, ಅವಳಿಗೆ ಹೀಗೆ ಬಿಡಿಸಿ ಹೇಳೋಕೆ ಬಂದಿರ್ಲಿಲ್ಲ. ಆವತ್ತು ರಾತ್ರಿ ನಿದ್ದೆ ಬರ್ಲಿಲ್ಲ ನಂಗೆ, ಆದ್ರೆ ಬೇಜಾರಿಂದಲ್ಲ, ಎಷ್ಟೋ ದಿನ ಆದ್ಮೇಲೆ ಏನು ಮಾಡ್ಬೇಕು ಅಂತ ಗೊತ್ತಾಗಿತ್ತಲ್ಲ, ಅದಕ್ಕೆ.

ಕಾಗದದ ಕೊನೇಲಿ ಇನ್ನೊಂದು ಪ್ರಶ್ನೆ ಇತ್ತು, 'ಈ ಸೇತುವೆ ಸುರಕ್ಷಿತ ಅಂತ ಹಿಂದೆ ಸಹಿ ಹಾಕಿದ್ದು ಯಾರು?' ನಾನು ಅದನ್ನ ಯೋಚ್ನೆನೇ ಮಾಡಿರ್ಲಿಲ್ಲ. ಯಾರೋ ಒಬ್ಬ ಲಂಚಕೋರ ಅಂತ ಇಟ್ಕೊಂಡಿದ್ದೆ. ಈಗ ಸಹಿ ಅವಳದ್ದೇ. ಎರಡು ವರ್ಷದ ಹಿಂದೆ, ಮಳೆ, ಡೆಡ್‌ಲೈನ್, ಮೂರನೇ ಕಂಬದ ಹತ್ತಿರ ಇಳಿಯೋಕೆ ದಾರಿ ಸರಿ ಇರ್ಲಿಲ್ಲ, ದೂರದಿಂದ ನೋಡಿ ಸರಿ ಇದೆ ಅಂತ ಬರೆದು ಸಹಿ ಹಾಕಿದಾಳೆ. ದುಡ್ಡಿಗಲ್ಲ, ಸುಸ್ತಿಗೆ. ಈಗ ಸೇತುವೆ ಬಂದ್ ಮಾಡಿಸ್ಬೇಕು ಅಂದ್ರೆ ಮೊದಲು ತನ್ನ ಸಹಿ ಸುಳ್ಳು ಅಂತ ಅವಳೇ ಹೇಳ್ಬೇಕು, ಕೆಲಸ ಹೋಗುತ್ತೆ, ಲೈಸೆನ್ಸೂ ಹೋಗ್ಬಹುದು. ಸುಮ್ನಿದ್ರೆ ಯಾರಿಗೂ ಗೊತ್ತಾಗಲ್ಲ. ಕಾಂಟ್ರ್ಯಾಕ್ಟರ್‌ಗೆ ಈಗ ಬುದ್ಧಿ ಬಂದಿದೆ, ಅವನು ಹೆದರ್ಸಲ್ಲ, ಅವಳ ಹಳೇ ರಿಪೋರ್ಟಿನ ಕಾಪಿ ಒಂದನ್ನ ಮೆಲ್ಲಗೆ ಮೇಜಿನ ಮೇಲೆ ಇಟ್ಟು ಹೋಗ್ತಾನೆ.

ಕರಾಟೆ ಸೀನ್ ಇದ್ದ ಜಾಗದಲ್ಲಿ ಈಗ ಅವಳು ಒಬ್ಳೇ ಕಂಬದ ಹತ್ತಿರ ಇಳಿದು ಸುತ್ತಿಗೆಯಿಂದ ಕಾಂಕ್ರೀಟ್ ತಟ್ಟಿ ನೋಡ್ತಾಳೆ. ಇದು ನಿಜವಾಗ್ಲೂ ಮಾಡೋ ಪರೀಕ್ಷೆ, ಗಟ್ಟಿ ಇರೋ ಕಡೆ ಟಣ್ ಅಂತ ಸ್ಪಷ್ಟ ಶಬ್ದ ಬರುತ್ತೆ, ಒಳಗೆ ಪದರ ಬಿಟ್ಟಿದ್ರೆ ಟೊಳ್ಳು ಶಬ್ದ, ಖಾಲಿ ಡಬ್ಬಿ ತಟ್ಟಿದ ಹಾಗೆ. ಒಂದು ಕಡೆ ತಟ್ತಾಳೆ, ಸರಿ ಇದೆ, ಒಂದಡಿ ಪಕ್ಕಕ್ಕೆ ತಟ್ತಾಳೆ, ಸರಿ ಇದೆ, ಮೂರನೇ ಸಲ ತಟ್ಟಿದಾಗ ಶಬ್ದ ಬದಲಾಗುತ್ತೆ, ಅವಳ ಕೈ ಅಲ್ಲೇ ನಿಲ್ಲುತ್ತೆ. ಇದನ್ನ ಬರೆಯುವಾಗ ನನ್ನ ಕೈ ನಡುಗಿದ್ದು ನೆನಪಿದೆ. ಹಳೇ ಡ್ರಾಫ್ಟಲ್ಲಿ ಅವಳು ನಾಲ್ಕು ಜನರನ್ನ ಹೊಡೆದು ಉರುಳಿಸುವಾಗ ನಂಗೆ ಏನೂ ಆಗಿರ್ಲಿಲ್ಲ.

ಸರ್ವಿಸ್ ವಿಷಯ ಬೇಗ ಹೇಳ್ತೀನಿ. ಆಪ್ ಪದೇಪದೇ ನಿಂತುಹೋಗುತ್ತೆ, ಲ್ಯಾಪ್‌ಟಾಪಲ್ಲಿ ನೋಡಿ. ಲೈವ್ ಕ್ಲಾಸ್ ರೆಕಾರ್ಡಿಂಗ್ 30 ದಿನ ಆದ್ಮೇಲೆ ಮಾಯ ಆಗುತ್ತೆ, ಇದನ್ನ ಸೇರುವಾಗ ಹೇಳಲ್ಲ, ನೋಟ್ಸ್ ಬರ್ಕೊಳ್ಳಿ. ವಿಡಿಯೋಗೆ ಸಬ್‌ಟೈಟಲ್ ಇಲ್ಲ, ನಮ್ಮ ಗ್ರೂಪಲ್ಲಿ ಕಿವಿ ಸರಿಯಾಗಿ ಕೇಳಿಸದ ಒಬ್ರು ಇದ್ರು, ಅವರು ಮೂರು ಸಲ ಕೇಳಿದ್ರೂ ಆಗಲಿಲ್ಲ, ಇದಕ್ಕೆ ನಂಗೆ ನಿಜಕ್ಕೂ ಸಿಟ್ಟಿದೆ. ಕೊನೆಗೆ ನಾವು ನಾಲ್ಕೈದು ಜನ ಹಂಚ್ಕೊಂಡು ಅವರಿಗೆ ಟೈಪ್ ಮಾಡಿ ಕೊಟ್ವಿ. ಗ್ರೂಪ್ ಚೆನ್ನಾಗಿತ್ತು, ಕೋರ್ಸ್ ಮುಗಿದ ಮೇಲೂ ಮಾತಾಡ್ತಿದೀವಿ. ಅರ್ಧದಷ್ಟು ಗಂಡಸರು ಇದ್ರು, ಹೆಂಗಸರನ್ನ ಸರಿಯಾಗಿ ಬರೀಬೇಕು ಅಂತಾನೇ ಸೇರಿದವರು, ಅವರಲ್ಲಿ ಒಬ್ರು ಬರೆದ ಒಂದು ಅತ್ತೆ ಪಾತ್ರ ನಾನು ಈ ವರ್ಷ ಓದಿದ್ರಲ್ಲಿ ಅತಿ ಒಳ್ಳೇದು. ಜಾಹೀರಾತಲ್ಲಿ ಕತ್ತಿ ಹಿಡ್ದು ನಿಂತ ಹುಡುಗಿ ಚಿತ್ರ ಇದೆ, ಅದನ್ನ ಬದಲಾಯಿಸಿ ಅಂತ ಫಾರ್ಮ್‌ನಲ್ಲಿ ಬರೆದಿದೀನಿ, ಮೂರನೇ ವಾರದ ಕ್ಲಾಸ್ ಮಾಡಿದವರೇ ಆ ಚಿತ್ರ ಹಾಕೋದು ಸರಿ ಕಾಣಲ್ಲ.

ಯಾರು ಸೇರಬಹುದು? ಕೈಲಿ ಡ್ರಾಫ್ಟ್ ಇದ್ದವರು. ಏನೂ ಬರೆಯದೇ ಹೋದ್ರೆ ವರ್ಕ್‌ಬುಕ್ ತುಂಬಿಸೋದೇ ಬರವಣಿಗೆ ಅನ್ನೋ ಭ್ರಮೆ ಬರುತ್ತೆ, ಅದು ಅಪಾಯ. ಡ್ರಾಫ್ಟ್ ಇದ್ರೆ ವರ್ಕ್‌ಬುಕ್ ತೆಗೀಬೇಡಿ, 14ನೇ ವಿಡಿಯೋ ನೋಡಿ, ಲೈವ್ ಕ್ಲಾಸ್ ಒಂದೂ ತಪ್ಪಿಸ್ಬೇಡಿ. ಫೀಡ್‌ಬ್ಯಾಕಿಗೆ ಕಳಿಸುವಾಗ ನಿಮಗೆ ತುಂಬ ಇಷ್ಟವಾದ 20 ಪುಟ ಕಳಿಸ್ಬೇಡಿ, ಎಲ್ಲೋ ಏನೋ ಸರಿ ಇಲ್ಲ ಅನ್ಸೋ 20 ಪುಟ ಕಳಿಸಿ.

ಬರೀ ಫೀಡ್‌ಬ್ಯಾಕ್ ಮಾತ್ರ ತಗೊಳ್ಳೋ ಆಯ್ಕೆನೂ ಕೊಡ್ತಾರಂತೆ ಈಗ, ಗ್ರೂಪಲ್ಲಿ ಹೇಳಿದ್ರು. ನಾನು ಒಂಬತ್ತನೇ ಚಾಪ್ಟರ್ ಅದಕ್ಕೆ ಕಳಿಸಿದೀನಿ, ಅವಳು ಮೀಟಿಂಗ್‌ಗೆ ಹೋಗಿ ತನ್ನ ಹಳೇ ರಿಪೋರ್ಟನ್ನ ತಾನೇ ಮೇಜಿನ ಮೇಲೆ ಇಡೋ ಚಾಪ್ಟರ್. ಓದೋರು ಅದೇ ಮನುಷ್ಯರು ಆಗಿರ್ಲಿ ಅಂತ ಆಸೆ. ಇನ್ನೊಂದು ಕಾಪಿ ಗೆಳತಿ ಹತ್ರ ಇದೆ, ನಿನ್ನೆ ರಾತ್ರಿ ಹನ್ನೊಂದೂವರೆಗೆ ಮೆಸೇಜ್ ಮಾಡಿದ್ಳು, 'ಯಾಕೆ ಸಹಿ ಹಾಕಿದ್ಳೇ ಇವಳು ಆವತ್ತು, ನಂಗೆ ತುಂಬಾ ಸಿಟ್ಟು ಬರ್ತಿದೆ ಅವಳ ಮೇಲೆ, ಮುಂದಿಂದು ಕಳ್ಸು' ಅಂತ.